ಶಾರ್ಟ್‌ವೇವ್ ರೇಡಿಯೋದಲ್ಲಿ ಅಕ್ಷರ, ಚಿತ್ರ: ಅಂತರ್ಜಾಲ ಬೇಡದ ಸುದ್ದಿಹಾದಿ

ರೇಡಿಯೋ ಇರುವುದು ಕೇಳುವುದಕ್ಕೆ ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಅದೇ ರೇಡಿಯೋದ ಸದ್ದನ್ನು ಗಣಕಯಂತ್ರಕ್ಕೆ ಕೇಳಿಸಿದರೆ ಪರದೆಯ ಮೇಲೆ ಸುದ್ದಿಯ ಸಾಲುಗಳೂ ವರ್ಣಚಿತ್ರಗಳೂ ಮೂಡಬಲ್ಲವು. ಇದಕ್ಕೆ ಅಂತರ್ಜಾಲ ಬೇಡ, ಮೊಬೈಲ್ ಗೋಪುರವೂ ಬೇಡ. ಕಳುಹಿಸುವ ಕೇಂದ್ರ ಸಾವಿರಾರು ಕಿಲೋಮೀಟರ್ ದೂರದ ಮತ್ತೊಂದು ದೇಶದಲ್ಲಿದ್ದರೂ ಆದೀತು. ಶಾರ್ಟ್‌ವೇವ್ (ಹ್ರಸ್ವ ತರಂಗ) ಪ್ರಸಾರದ ಮೂಲಕ ಡಿಜಿಟಲ್ ಪಠ್ಯ ರವಾನಿಸುವ ಈ ವಿಧಾನ ನಿಧಾನಗತಿಯದು. ಆದರೂ ಸಂಪರ್ಕ ಜಾಲಗಳು ಕಡಿದುಬಿದ್ದ ಹೊತ್ತಿನಲ್ಲಿ ಇದರ ಬೆಲೆ ತಿಳಿಯುತ್ತದೆ.

ಹಳೆಯ ಬೇರು

ಆಕಾಶಮಾರ್ಗದಲ್ಲಿ ಅಕ್ಷರ ಕಳುಹಿಸುವ ಯತ್ನ ಹೊಸದಲ್ಲ. ಜರ್ಮನಿಯ ರುಡಾಲ್ಫ್ ಹೆಲ್ 1929ರಲ್ಲಿ ಅಕ್ಷರಗಳನ್ನು ಚುಕ್ಕೆಗಳಾಗಿ ಒಡೆದು ರವಾನಿಸುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಸುದ್ದಿಸಂಸ್ಥೆಗಳು ಅದನ್ನು ಬಳಸಿದವು. ಮುಂದೆ ರೇಡಿಯೋ ಟೆಲಿಪ್ರಿಂಟರ್‌ಗಳು ದಶಕಗಳ ಕಾಲ ಪತ್ರಿಕಾ ಕಚೇರಿಗಳಿಗೆ ಸುದ್ದಿ ಹೊತ್ತು ತಂದವು. ಸಮುದ್ರಯಾನದ ಹಡಗುಗಳಿಗೆ ಹವಾಮಾನ ನಕ್ಷೆಗಳು ರೇಡಿಯೋ ಫ್ಯಾಕ್ಸ್ ಮೂಲಕ ತಲುಪತೊಡಗಿದವು. ಅಮೆರಿಕದ ಕಾಪ್‌ಥಾರ್ನ್ ಮ್ಯಾಕ್‌ಡೊನಾಲ್ಡ್ 1950ರ ದಶಕದ ಕೊನೆಯಲ್ಲಿ ರೂಪಿಸಿದ 'ಸ್ಲೋ ಸ್ಕ್ಯಾನ್ ಟಿವಿ' ಹವ್ಯಾಸಿ ರೇಡಿಯೋ ಬಳಕೆದಾರರಿಗೆ ಸ್ಥಿರಚಿತ್ರಗಳನ್ನು ವಿನಿಮಯ ಮಾಡಿಕೊಳ್ಳಲು ನೆರವಾಯಿತು.

ಇವೆಲ್ಲ ವಿಶೇಷ ಉಪಕರಣ ಅಥವಾ ವಿಶೇಷ ಪರಿಣತಿ ಉಳ್ಳವರ ಲೋಕಕ್ಕೆ ಸೀಮಿತವಾಗಿದ್ದವು. ಸಾಮಾನ್ಯ ಶ್ರೋತೃವಿನ ಅಗ್ಗದ ರೇಡಿಯೋವನ್ನೇ ಓದುವ ಸಾಧನವಾಗಿಸುವ ಪ್ರಯೋಗ ನಡೆದದ್ದು 2013ರಲ್ಲಿ.

ವಾಯ್ಸ್ ಆಫ್ ಅಮೆರಿಕದ ಪ್ರಯೋಗ

ಆ ವರ್ಷದ ಮಾರ್ಚ್‌ನಲ್ಲಿ ವಾಯ್ಸ್ ಆಫ್ ಅಮೆರಿಕ (ವಿಒಎ) 'ವಿಒಎ ರೇಡಿಯೋಗ್ರಾಂ' ಎಂಬ ಅರ್ಧ ಗಂಟೆಯ ವಾರಾಂತ್ಯದ ಕಾರ್ಯಕ್ರಮ ಆರಂಭಿಸಿತು. ಕಿಮ್ ಆಂಡ್ರ್ಯೂ ಎಲಿಯಟ್ ಅದರ ನಿರ್ಮಾಪಕರು. ಉತ್ತರ ಕೆರೊಲಿನಾದ ಗ್ರೀನ್‌ವಿಲ್ ಸಮೀಪದ ಪ್ರಸರಣ ಕೇಂದ್ರದಿಂದ ಅದು ಬಿತ್ತರವಾಯಿತು. ಮಾತಿನ ಪೀಠಿಕೆಯ ನಂತರ ಕೇಳಿಬರುತ್ತಿದ್ದುದು ಏರಿಳಿಯುವ ಸಿಳ್ಳೆಯಂಥ ಸ್ವರಗಳು. ಸುದ್ದಿ ಆ ಸ್ವರಗಳಲ್ಲೇ ಅಡಗಿರುತ್ತಿತ್ತು. 2017ರ ಜೂನ್‌ನಲ್ಲಿ ಎಲಿಯಟ್ ನಿವೃತ್ತರಾದಾಗ ವಿಒಎ ಕಾರ್ಯಕ್ರಮ ನಿಂತಿತು. ಅವರು ಪಟ್ಟುಬಿಡದೆ ಫ್ಲಾರಿಡಾದ ಡಬ್ಲ್ಯೂಆರ್‌ಎಂಐ ಮುಂತಾದ ಖಾಸಗಿ ಕೇಂದ್ರಗಳ ಮೂಲಕ 'ಶಾರ್ಟ್‌ವೇವ್ ರೇಡಿಯೋಗ್ರಾಂ' ಹೆಸರಿನಲ್ಲಿ ಅದನ್ನು ಮುಂದುವರಿಸಿದರು.

ಕೆಲಸ ಮಾಡುವ ಬಗೆ

ಈ ಪ್ರಸಾರಗಳಲ್ಲಿ ಹೆಚ್ಚು ಬಳಕೆಯಾದ ಪದ್ಧತಿ 'ಎಂಎಫ್‌ಎಸ್‌ಕೆ32'. ಇದರಲ್ಲಿ 16 ಬೇರೆ ಬೇರೆ ಸ್ವರಗಳಿವೆ. ಸೆಕೆಂಡಿಗೆ ಸುಮಾರು 31 ಬಾರಿ ಒಂದಿಲ್ಲೊಂದು ಸ್ವರ ಹೊರಡುತ್ತದೆ. ಪ್ರತಿ ಸ್ವರವೂ ನಾಲ್ಕು ಬಿಟ್ ಮಾಹಿತಿ ಹೊರುತ್ತದೆ. ಆದರೆ ಇದರಲ್ಲಿ ಅರ್ಧ ಭಾಗ ದೋಷ ತಿದ್ದುವುದಕ್ಕೇ ಮೀಸಲು. ಹೀಗಾಗಿ ವೇಗ ನಿಮಿಷಕ್ಕೆ ಸುಮಾರು 120 ಇಂಗ್ಲಿಷ್ ಪದಗಳಷ್ಟೆ. 600 ಪದಗಳ ಒಂದು ವರದಿಗೆ ಐದು ನಿಮಿಷ ಬೇಕು.

ತೆತ್ತ ವೇಗಕ್ಕೆ ಪ್ರತಿಯಾಗಿ ದೊರೆಯುವುದು ಸಹಿಷ್ಣುತೆ. ಶಾರ್ಟ್‌ವೇವ್ ಸಂಕೇತ ಭೂಮಿಯ ಮೇಲಿನ ಅಯಾನುಗೋಳಕ್ಕೆ ಬಡಿದು ಮರಳುವಂಥದು. ದಾರಿಯಲ್ಲಿ ಅದು ಕ್ಷೀಣಿಸುತ್ತದೆ, ಗದ್ದಲದೊಡನೆ ಬೆರೆಯುತ್ತದೆ. ಮಾತು ಸರಿಯಾಗಿ ಅರ್ಥವಾಗದಷ್ಟು ಗರಗರ ಇದ್ದಾಗಲೂ ಪಠ್ಯ ಬಹುಪಾಲು ತಪ್ಪಿಲ್ಲದೆ ಮೂಡುವುದುಂಟು.

ಕೇಳುಗರಿಗೆ ಬೇಕಾದದ್ದು ಶಾರ್ಟ್‌ವೇವ್ ಹಿಡಿಯುವ ರೇಡಿಯೋ, ಗಣಕಯಂತ್ರ ಮತ್ತು 'ಎಫ್‌ಎಲ್‌ಡಿಜಿ' ಎಂಬ ಉಚಿತ ತಂತ್ರಾಂಶ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಅದು ನಡೆಯುತ್ತದೆ. ತಂತಿ ಜೋಡಿಸಬಹುದು, ಇಲ್ಲವೇ ಗಣಕದ ಮೈಕನ್ನು ರೇಡಿಯೋದ ಸ್ಪೀಕರ್ ಬಳಿ ಇಟ್ಟರೂ ಸಾಕು. ಪ್ರಸಾರದ ನಡುವೆ ಪದ್ಧತಿ ಬದಲಾದಾಗ ಅದನ್ನು ಸೂಚಿಸುವ ಕಿರು ಸಂಕೇತ ಮೊದಲೇ ಬರುವುದರಿಂದ ತಂತ್ರಾಂಶ ತಾನಾಗಿ ಹೊಂದಿಕೊಳ್ಳುತ್ತದೆ.

ಚಿತ್ರಗಳ ರವಾನೆ ಬೇರೆ ಬಗೆಯದು. ಪ್ರತಿ ಬಿಂದುವಿನ ಬಣ್ಣದ ಪ್ರಮಾಣ ಸ್ವರದ ಏರಿಳಿತವಾಗಿ ಹೋಗುತ್ತದೆ. 200 ಬಿಂದು ಅಗಲ, 200 ಬಿಂದು ಎತ್ತರದ ವರ್ಣಚಿತ್ರಕ್ಕೆ ಸುಮಾರು ಎರಡು ನಿಮಿಷ ಬೇಕು. ಗದ್ದಲವಿದ್ದರೆ ಚಿತ್ರದ ಮೇಲೆ ಚುಕ್ಕೆಗಳು ಬೀಳುತ್ತವೆ, ಆದರೆ ಚಿತ್ರವೇ ಕಾಣೆಯಾಗುವುದಿಲ್ಲ.

ಯಾರಿಗೆ ಇದರ ಅಗತ್ಯ?

2019ರ ಆಗಸ್ಟ್‌ನಲ್ಲಿ ಕಾಶ್ಮೀರದಲ್ಲಿ ದೂರವಾಣಿ, ಮೊಬೈಲ್, ಅಂತರ್ಜಾಲ ಮೂರೂ ಸ್ತಬ್ಧಗೊಂಡವು. ಅದೇ ವರ್ಷ ನವೆಂಬರ್‌ನಲ್ಲಿ ಇರಾನ್ ಸುಮಾರು ಒಂದು ವಾರ ಅಂತರ್ಜಾಲ ಕಡಿತಗೊಳಿಸಿತು. 2022ರ ಮಾರ್ಚ್‌ನಲ್ಲಿ ಕೀವ್ ನಗರದ ಟಿವಿ ಗೋಪುರದ ಮೇಲೆ ದಾಳಿ ನಡೆದ ಬೆನ್ನಲ್ಲೇ ಬಿಬಿಸಿ ಉಕ್ರೇನ್‌ಗಾಗಿ ದಿನಕ್ಕೆ ನಾಲ್ಕು ಗಂಟೆಗಳ ಶಾರ್ಟ್‌ವೇವ್ ಸೇವೆ ಆರಂಭಿಸಿತು. ಅದು ಧ್ವನಿ ಪ್ರಸಾರ. ಅದೇ ಹಾದಿಯಲ್ಲಿ ಪಠ್ಯವೂ ಹೋಗಬಲ್ಲದು ಎಂಬುದೇ ರೇಡಿಯೋಗ್ರಾಂ ತೋರಿಸಿಕೊಟ್ಟ ಸಂಗತಿ. ಪಠ್ಯವನ್ನು ಉಳಿಸಿಕೊಳ್ಳಬಹುದು, ನಕಲು ಮಾಡಿ ಹಂಚಬಹುದು. ಯಾರು ಓದಿದರು ಎಂಬ ಗುರುತು ಯಾವ ಸರ್ವರ್‌ನಲ್ಲೂ ಉಳಿಯುವುದಿಲ್ಲ. ಆದರೆ ಓದುಗ ಮರುಪ್ರಶ್ನೆ ಕೇಳುವಂತಿಲ್ಲ, ಪುಟ ಆರಿಸುವಂತಿಲ್ಲ. ಬಂದದ್ದನ್ನು ಬಂದ ಹೊತ್ತಿಗೆ ಪಡೆಯಬೇಕು.

ಕನ್ನಡಕ್ಕೆ ಎದುರಾಗುವ ತೊಡಕು

ಇಡೀ ವ್ಯವಸ್ಥೆ ಇಂಗ್ಲಿಷ್ ಅಕ್ಷರಗಳನ್ನು ಮುಂದಿಟ್ಟುಕೊಂಡು ರೂಪುಗೊಂಡಿದೆ. ಹೆಚ್ಚು ಬಳಕೆಯ ಇಂಗ್ಲಿಷ್ ಅಕ್ಷರಗಳಿಗೆ ಗಿಡ್ಡ ಸಂಕೇತ, ಉಳಿದವಕ್ಕೆ ಉದ್ದನೆಯ ಸಂಕೇತ. ಯುನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೈಟ್ ಬೇಕು. ಇಂಗ್ಲಿಷ್ ಲಿಪಿಯಲ್ಲಿ ಏಳು ಬೈಟ್‌ಗಳಲ್ಲಿ ಮುಗಿಯುವ 'ಕನ್ನಡ' ಎಂಬ ಪದಕ್ಕೆ ನಮ್ಮ ಲಿಪಿಯಲ್ಲಿ ಒತ್ತಕ್ಷರವೂ ಸೇರಿ 15 ಬೈಟ್ ಬೇಕಾಗುತ್ತದೆ. ದಾರಿಯಲ್ಲಿ ಒಂದು ಬೈಟ್ ಕೆಟ್ಟರೂ ಅಕ್ಷರವೇ ಕೆಡುತ್ತದೆ. ಕನ್ನಡದ ಪುಟವನ್ನು ಚಿತ್ರವಾಗಿಸಿ ಕಳುಹಿಸುವುದು ಇದಕ್ಕೊಂದು ಪರಿಹಾರ. ಆಗ ಚುಕ್ಕೆ ಬಿದ್ದರೂ ಕಣ್ಣು ಓದಿಕೊಳ್ಳುತ್ತದೆ.

ಆಕಾಶವಾಣಿ ಅಳವಡಿಸಿಕೊಂಡ ಡಿಆರ್‌ಎಂ ಡಿಜಿಟಲ್ ಪದ್ಧತಿಯಲ್ಲೂ ಧ್ವನಿಯ ಜತೆ ಪಠ್ಯ ಮತ್ತು ಚಿತ್ರ ಸಾಗಿಸಲು ಅವಕಾಶವಿದೆ. ಆದರೆ ಅದಕ್ಕೆ ಪ್ರತ್ಯೇಕ ರೇಡಿಯೋ ಬೇಕು. ರೇಡಿಯೋಗ್ರಾಂ ಮಾದರಿಗೆ ಅಜ್ಜನ ಕಾಲದ ರೇಡಿಯೋವೇ ಸಾಕು.

ಟ್ರಾನ್ಸ್‌ಮಿಟರ್‌ಗಳೇ ಇಲ್ಲವಾದರೆ?

ಇಲ್ಲಿರುವ ಆತಂಕವೆಂದರೆ ಕಳುಹಿಸುವ ಕೇಂದ್ರಗಳೇ ಕಡಿಮೆಯಾಗುತ್ತಿರುವುದು. ರೇಡಿಯೋ ಆಸ್ಟ್ರೇಲಿಯಾ 2017ರ ಜನವರಿಯಲ್ಲಿ ಶಾರ್ಟ್‌ವೇವ್ ನಿಲ್ಲಿಸಿತು. ಬಿಬಿಸಿ ಹಿಂದಿಯ ಶಾರ್ಟ್‌ವೇವ್ ಪ್ರಸಾರ 2020ರ ಜನವರಿಗೆ ಕೊನೆಗೊಂಡಿತು. 2025ರ ಮಾರ್ಚ್‌ನಲ್ಲಿ ವಿಒಎ ಸಿಬ್ಬಂದಿಯನ್ನೇ ರಜೆಯ ಮೇಲೆ ಕಳುಹಿಸಲಾಯಿತು. ಬೆಂಗಳೂರಿನ ಹೊರವಲಯದಲ್ಲಿ ಆಕಾಶವಾಣಿಯ 500 ಕಿಲೋವ್ಯಾಟ್ ಸಾಮರ್ಥ್ಯದ ಶಾರ್ಟ್‌ವೇವ್ ಟ್ರಾನ್ಸ್‌ಮಿಟರ್‌ಗಳು 1990ರ ದಶಕದಲ್ಲಿ ಸ್ಥಾಪನೆಗೊಂಡಿದ್ದವು. ಇಂಥ ಕೇಂದ್ರಗಳನ್ನು ಕಟ್ಟಲು ವರ್ಷಗಳು ಬೇಕು. ತಂತ್ರಾಂಶವನ್ನಾದರೋ ಕೆಲವೇ ನಿಮಿಷಗಳಲ್ಲಿ ಅಳವಡಿಸಿಕೊಳ್ಳಬಹುದು. ಸಂಕಷ್ಟದ ದಿನ ಬಂದಾಗ ಅಕ್ಷರ ತಲುಪಬೇಕಾದರೆ ಅಂದಿಗೆ ಗೋಪುರ ನಿಂತಿರಬೇಕು.