ವಿಕಲಚೇತನ ಯುವಜನರ ಶಾಲೋತ್ತರ ವಿಶೇಷ ಶಿಕ್ಷಣ (ಇಂಗ್ಲೆಂಡ್)

ಶಾಲೆ ಮುಗಿಸಿದ ವಿಕಲಚೇತನ ಯುವಕ ಯುವತಿಯರಿಗೆ ಅವರ ಅಗತ್ಯಕ್ಕೆ ತಕ್ಕ ವಿಶೇಷ ಕಾಲೇಜನ್ನು ಗೊತ್ತುಮಾಡಿ, ವೆಚ್ಚ ಭರಿಸಿ, ಕಲಿಕೆಯ ಫಲವನ್ನು ಕಾಲಕಾಲಕ್ಕೆ ಪರಿಶೀಲಿಸುವ ಸಾರ್ವಜನಿಕ ವ್ಯವಸ್ಥೆ. ಇಂಗ್ಲೆಂಡಿನಲ್ಲಿ ಈ ಹೊಣೆ ಸ್ಥಳೀಯ ಆಡಳಿತ ಸಂಸ್ಥೆಗಳದು. ಹಣ ಯಾರು ಕೊಡಬೇಕು, ಕಾಲೇಜನ್ನು ಯಾರು ಆರಿಸಬೇಕು ಎಂಬ ಎರಡು ಪ್ರಶ್ನೆಗಳ ಸುತ್ತಲೇ ಇದರ ಇತಿಹಾಸ ಬೆಳೆದಿದೆ.

ಆರಂಭ: ಮೊದಲ ಸಂಸ್ಥೆಗಳು ದಾನಧರ್ಮದಿಂದ ಹುಟ್ಟಿದವು. 1872ರಲ್ಲಿ ಥಾಮಸ್ ಆರ್ಮಿಟೇಜ್ ಮತ್ತು ಅಮೆರಿಕದ ಅಂಧ ಸಂಗೀತಗಾರ ಫ್ರಾನ್ಸಿಸ್ ಕ್ಯಾಂಪ್‌ಬೆಲ್ ಲಂಡನ್ನಿನಲ್ಲಿ ಅಂಧರ ಕಾಲೇಜೊಂದನ್ನು ತೆರೆದರು. ಸಂಗೀತ ಮತ್ತು ಪಿಯಾನೊ ಶ್ರುತಿಗೊಳಿಸುವ ವಿದ್ಯೆ ಅಲ್ಲಿನ ಮುಖ್ಯ ವಿಷಯಗಳಾಗಿದ್ದವು. ಕಾಲೇಜು ಈಗ ಹೆರೆಫರ್ಡ್‌ನಲ್ಲಿದೆ. ಸ್ವತಃ ವಿಕಲಚೇತನಳಾಗಿದ್ದ ದಾದಿ ಆಗ್ನೆಸ್ ಹಂಟ್ 1927ರಲ್ಲಿ ಶ್ರಾಪ್‌ಶೈರ್‌ನಲ್ಲಿ ಕಸುಬು ಕಲಿಸುವ ಡರ್ವೆನ್ ಕಾಲೇಜನ್ನು ಸ್ಥಾಪಿಸಿದಳು. ಇಂಥ ಕಡೆ ಯಾರಿಗೆ ಜಾಗ ಸಿಗಬೇಕೆಂಬುದು ಬಹುಮಟ್ಟಿಗೆ ಸಂಸ್ಥೆಯವರ ಇಚ್ಛೆಗೆ ಬಿಟ್ಟದ್ದಾಗಿತ್ತು.

ಶಾಸನಗಳು: ತೀವ್ರ ಬೌದ್ಧಿಕ ನ್ಯೂನತೆಯುಳ್ಳ ಮಕ್ಕಳನ್ನು ಶಿಕ್ಷಣಕ್ಕೆ ಅನರ್ಹರೆಂದು ದೂರವಿಡುವ ಪದ್ಧತಿಯನ್ನು 1970ರ ಕಾಯಿದೆ ಕೊನೆಗಾಣಿಸಿತು. ಮೇರಿ ವಾರ್ನಾಕ್ ಸಮಿತಿ 1978ರ ವರದಿಯಲ್ಲಿ, ಹದಿನಾರು ದಾಟಿದವರ ಶಿಕ್ಷಣಕ್ಕೆ ಆದ್ಯತೆ ಕೊಡಬೇಕೆಂದಿತು. ಆದರೆ 1981ರ ಕಾಯಿದೆಯು ರೂಪಿಸಿದ ವಿಶೇಷ ಅಗತ್ಯಗಳ ದಾಖಲೆ ಶಾಲೆಯಲ್ಲಿರುವವರೆಗಷ್ಟೇ ಊರ್ಜಿತವಾಗಿತ್ತು. ಕಾಲೇಜಿನ ಮೆಟ್ಟಿಲು ಹತ್ತಿದೊಡನೆ ಅದರ ರಕ್ಷಣೆ ತಪ್ಪುತ್ತಿತ್ತು.

1992ರ ಕಾಯಿದೆಯಿಂದ ಚಿತ್ರ ಬದಲಾಯಿತು. ಸಾಮಾನ್ಯ ಕಾಲೇಜುಗಳಲ್ಲಿ ತಕ್ಕ ಸೌಲಭ್ಯವಿಲ್ಲದಿದ್ದರೆ, 25 ವರ್ಷದೊಳಗಿನವರಿಗೆ ವಿಶೇಷ ಕಾಲೇಜಿನಲ್ಲಿ, ಅಗತ್ಯವಿದ್ದರೆ ವಸತಿಸಹಿತ, ವ್ಯವಸ್ಥೆ ಮಾಡುವ ಕರ್ತವ್ಯ ಹೊಸ ರಾಷ್ಟ್ರೀಯ ಅನುದಾನ ಮಂಡಳಿಗೆ ಬಂತು. ಜಾನ್ ಟಾಮ್ಲಿನ್ಸನ್ ಸಮಿತಿಯ 1996ರ ವರದಿ ಇನ್ನೊಂದು ಹೆಜ್ಜೆ ಮುಂದಿಟ್ಟಿತು: ಕೊರತೆ ವಿದ್ಯಾರ್ಥಿಯಲ್ಲಿದೆ ಎಂದು ನೋಡುವುದನ್ನು ಬಿಟ್ಟು, ಕಲಿಸುವ ಕ್ರಮವನ್ನೇ ಅವನಿಗೆ ಹೊಂದಿಸಬೇಕು ಎಂಬುದು ಅದರ ತಿರುಳು. 2001ರಲ್ಲಿ ಅನುದಾನದ ಅಧಿಕಾರ ಬೇರೊಂದು ರಾಷ್ಟ್ರೀಯ ಮಂಡಳಿಗೆ ಹೋಯಿತು. 2010ರಲ್ಲಿ ವ್ಯವಸ್ಥೆ ಮಾಡುವ ಹೊಣೆ ಸ್ಥಳೀಯ ಸಂಸ್ಥೆಗಳಿಗೆ ಬಂದರೂ ಹಣದ ಕೀಲಿಕೈ ಕೇಂದ್ರದಲ್ಲೇ ಉಳಿಯಿತು. 2013ರ ಸುಧಾರಣೆಯಲ್ಲಿ ಆ ಹಣವೂ ಸ್ಥಳೀಯ ಸಂಸ್ಥೆಗಳ ಕೈಸೇರಿತು. ವಿದ್ಯಾರ್ಥಿಯ ಹೆಚ್ಚುವರಿ ನೆರವಿನಲ್ಲಿ ಮೊದಲ 6,000 ಪೌಂಡನ್ನು ಕಾಲೇಜಿನ ಮೂಲ ಅನುದಾನದಿಂದಲೂ ಅದರಾಚೆಗಿನದನ್ನು ಸ್ಥಳೀಯ ಸಂಸ್ಥೆಯಿಂದಲೂ ಭರಿಸುವ ಕ್ರಮ ಜಾರಿಗೆ ಬಂತು.

ಈಗಿನ ಕ್ರಮ: 2014ರ ಮಕ್ಕಳು ಮತ್ತು ಕುಟುಂಬಗಳ ಕಾಯಿದೆ ಹಳೆಯ ದಾಖಲೆಯ ಜಾಗದಲ್ಲಿ, 25 ವರ್ಷದವರೆಗೂ ಮುಂದುವರಿಯಬಲ್ಲ ಶಿಕ್ಷಣ, ಆರೋಗ್ಯ ಮತ್ತು ಆರೈಕೆ ಯೋಜನೆಯನ್ನು ತಂದಿತು. ಕಡ್ಡಾಯ ಶಿಕ್ಷಣದ ವಯಸ್ಸು ದಾಟಿದ ಮೇಲೆ ಹಕ್ಕುಗಳು ಹೆತ್ತವರಿಂದ ಯುವಜನರಿಗೇ ವರ್ಗವಾಗುತ್ತವೆ. ಅವರು ಸಾರ್ವಜನಿಕ ಕಾಲೇಜನ್ನಾಗಲಿ, 41ನೇ ಕಲಮಿನಡಿ ಸರ್ಕಾರ ಅನುಮೋದಿಸಿದ ಸ್ವತಂತ್ರ ವಿಶೇಷ ಕಾಲೇಜನ್ನಾಗಲಿ ಕೋರಬಹುದು. ಅದು ಅವರಿಗೆ ಸೂಕ್ತವಲ್ಲದಿದ್ದರೆ, ಇತರರ ಕಲಿಕೆಗೆ ತೊಡಕಾದರೆ ಅಥವಾ ಸಂಪನ್ಮೂಲದ ದಕ್ಷ ಬಳಕೆಗೆ ಹೊಂದದಿದ್ದರೆ ಮಾತ್ರ ಸ್ಥಳೀಯ ಸಂಸ್ಥೆ ನಿರಾಕರಿಸಬಹುದು. ನಿರಾಕರಣೆಯನ್ನು ನ್ಯಾಯಮಂಡಳಿಯಲ್ಲಿ ಪ್ರಶ್ನಿಸಲು ಅವಕಾಶವಿದೆ.

ಯೋಜನೆಯನ್ನು 12 ತಿಂಗಳಿಗೊಮ್ಮೆಯಾದರೂ ಪರಿಶೀಲಿಸಬೇಕು. ಒಂಬತ್ತನೇ ತರಗತಿಯಿಂದ ಈ ಪರಿಶೀಲನೆಯಲ್ಲಿ ಉದ್ಯೋಗ, ಸ್ವತಂತ್ರ ಜೀವನ, ಸಮಾಜದಲ್ಲಿ ಒಡನಾಟ ಮತ್ತು ಆರೋಗ್ಯದ ಸಿದ್ಧತೆಯೂ ಸೇರುತ್ತದೆ. ಶಾಲೆಯಿಂದ ಕಾಲೇಜಿಗೆ ಹೋಗುವವರ ಯೋಜನೆ ಆ ವರ್ಷದ ಮಾರ್ಚ್ 31ರೊಳಗೆ ತಿದ್ದುಪಡಿಯಾಗಿ, ಸೇರಬೇಕಾದ ಸಂಸ್ಥೆಯ ಹೆಸರು ಅದರಲ್ಲಿ ನಮೂದಾಗಬೇಕು.

ವಿಮರ್ಶೆ: ನಿರ್ಧಾರ ಮಾಡುವವರೂ ಹಣ ಕೊಡುವವರೂ ಒಬ್ಬರೇ ಆಗಿರುವುದರಿಂದ ಅಗತ್ಯದ ಲೆಕ್ಕಕ್ಕಿಂತ ಖರ್ಚಿನ ಲೆಕ್ಕ ಮುಂದಾಗುತ್ತದೆ ಎಂಬ ಆಕ್ಷೇಪವಿದೆ. ವಸತಿ ಕಾಲೇಜು ದೂರದಲ್ಲಿದ್ದರೆ ವಿದ್ಯಾರ್ಥಿ ತನ್ನೂರಿನ ಸೇವೆಗಳಿಂದ ಕಳಚಿಕೊಂಡು, ವ್ಯಾಸಂಗ ಮುಗಿದಾಗ ಮನೆ, ಕೆಲಸ, ಆರೈಕೆ ಎಲ್ಲವನ್ನೂ ಹೊಸದಾಗಿ ಹುಡುಕಬೇಕಾಗುತ್ತದೆ. 18 ದಾಟಿದವರ ಯೋಜನೆಯನ್ನು ನಿಲ್ಲಿಸುವಾಗ, ಅದರಲ್ಲಿ ಗೊತ್ತುಪಡಿಸಿದ ಶೈಕ್ಷಣಿಕ ಗುರಿಗಳು ಈಡೇರಿವೆಯೇ ಎಂಬುದನ್ನು ಸ್ಥಳೀಯ ಸಂಸ್ಥೆ ಪರಿಗಣಿಸಲೇಬೇಕು. ಆದ್ದರಿಂದ ಯೋಜನೆಯಲ್ಲಿ ಗುರಿಗಳನ್ನು ಎಷ್ಟು ಸ್ಪಷ್ಟವಾಗಿ ಬರೆಯಲಾಗಿದೆ ಎಂಬುದು ಪ್ರತಿ ಪರಿಶೀಲನೆಯಲ್ಲೂ ನಿರ್ಣಾಯಕವಾಗುತ್ತದೆ.