ಕರಗಬೇಕಾದ ತಂತಿ

ಜಾವಗಲ್ಲಿನ ಲಕ್ಷ್ಮೀನರಸಿಂಹ ದೇವಾಲಯಕ್ಕೆ ಹೋದವರು ಗೋಡೆಯ ಮೂರ್ತಿಗಳ ಒಡವೆಗಳನ್ನೂ ಭಂಗಿಗಳನ್ನೂ ಕಂಡು ತಲೆದೂಗುತ್ತಾರೆ. ಬಲ್ಲವರು ಬಗ್ಗಿ ಪೀಠವನ್ನೂ ನೋಡುತ್ತಾರೆ. ಮೂರ್ತಿಯ ಕೆಳಗೆ ಸಣ್ಣ ಅಕ್ಷರಗಳಲ್ಲಿ ಹೆಸರು ಕೆತ್ತುವ ರೂಢಿ ಹೊಯ್ಸಳ ಶಿಲ್ಪಿಗಳಲ್ಲಿತ್ತು. ಮಲ್ಲಿತಮ್ಮನಂಥವರ ಹೆಸರು ಏಳುನೂರು ವರ್ಷ ದಾಟಿ ನಮ್ಮವರೆಗೆ ಬಂದುದು ಅಂಥ ಅಕ್ಷರಗಳಿಂದಲೇ. ಸಣ್ಣ ಅಕ್ಷರವನ್ನು ಓದದೆ ಹೋದರೆ ಆಗುವ ನಷ್ಟ ಎಂಥದೆಂಬುದು ಅದೇ ಊರಿನಲ್ಲಿ, ತೀರ ಬೇರೆಯ ಸಂದರ್ಭದಲ್ಲಿ, ನನ್ನ ಅನುಭವಕ್ಕೆ ಬಂದಿತು.

ನಮ್ಮ ನೆಂಟರ ಮನೆಯ ಹುಡುಗನೊಬ್ಬನಿಗೆ ಗಿಟಾರಿನ ಹುಚ್ಚು. ಅಮೆರಿಕದಲ್ಲಿರುವ ಸೋದರಮಾವ ಕೊಟ್ಟ ಹಳೆಯ ವಾಲ್ವು ಆಂಪ್ಲಿಫಯರೊಂದು ಅವನಲ್ಲಿದೆ. ಒಂದು ಸಂಜೆ ಗುಂಡಿ ಒತ್ತಿದೊಡನೆ ಅದು ಮೌನ ತಾಳಿತು. ಹಿಂಬದಿಯ ಬಿರಡೆ ತಿರುಗಿಸಿ ಫ್ಯೂಸನ್ನು ತೆಗೆದು ನೋಡಿದರೆ ಗಾಜಿನ ಕೊಳವೆಯೊಳಗಿನ ತಂತಿ ಕಡಿದುಹೋಗಿತ್ತು. ನೆರೆದವರಲ್ಲೊಬ್ಬರು, “ಸಿಗರೇಟು ಪ್ಯಾಕಿನ ಬೇಗಡೆ ಸುತ್ತಿ ಹಾಕೋ, ನಡೆಯುತ್ತೆ” ಎಂದರು. “ಬೇಡಪ್ಪ, ಪೆಟ್ಟಿಗೆ ಸುಟ್ಟೀತು” ಎಂದು ನಾನು ತಡೆದೆ. ಏಕೆ ತಡೆದೆನೆಂಬುದನ್ನು ಹೇಳಬೇಕಾದರೆ ಫ್ಯೂಸಿನ ಚರಿತ್ರೆಯನ್ನೇ ಹೇಳಬೇಕು.

ಫ್ಯೂಸು ಮನೆಮನೆಯ ವಿದ್ಯುದ್ದೀಪಕ್ಕಿಂತ ಹಳೆಯದು. ತಂತಿಯ ಟೆಲಿಗ್ರಾಫು ಹೊಸದಾಗಿದ್ದ ಕಾಲದಲ್ಲಿ ಸಿಡಿಲಿನ ಹೊಡೆತ ತಂತಿಯ ಮೂಲಕ ಕಚೇರಿಯೊಳಕ್ಕೆ ನುಗ್ಗುತ್ತಿತ್ತು. ೧೮೪೭ರಲ್ಲಿ ಫ್ರಾನ್ಸಿನ ಬ್ರೆಗೆ ಎಂಬಾತ ದಾರಿಯಲ್ಲಿ ಒಂದಿಷ್ಟು ತೆಳುವಾದ ತಂತಿಯನ್ನು ಸೇರಿಸಬೇಕೆಂದು ಸೂಚಿಸಿದ. ಸಿಡಿಲು ಬಂದರೆ ಆ ತುಣುಕು ಕರಗಿ ಕಡಿಯುತ್ತದೆ. ಯಂತ್ರವೂ ಉಳಿಯುತ್ತದೆ, ಯಂತ್ರದ ಮುಂದೆ ಕುಳಿತವನೂ ಉಳಿಯುತ್ತಾನೆ. ಮುಂದೆ ಎಡಿಸನ್ ನಗರಗಳಿಗೆ ದೀಪ ಹಾಕಿಸಹೊರಟಾಗ ಇಂಥ ತಂತಿಗೆ ಅವನ ವ್ಯವಸ್ಥೆಯಲ್ಲಿ ಖಾಯಂ ಸ್ಥಾನ ದೊರೆಯಿತು.

ನಮ್ಮಲ್ಲಿ ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು ೯೨ ಮೈಲಿ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಮನೆಮನೆಗೆ ದೀಪ ಬಂದಂತೆ ಮೀಟರು ಹಲಗೆಯ ಮೇಲೆ ಪಿಂಗಾಣಿಯ ಫ್ಯೂಸೂ ಬಂದಿತು. “ಫ್ಯೂಸು ಕಟ್ಟುವುದು” ಎಂಬ ಮಾತು ಕನ್ನಡಕ್ಕೆ ಸೇರಿತು. ಜೊತೆಗೆ ಒಂದು ಕೆಟ್ಟ ಚಾಳಿಯೂ ಬೆಳೆಯಿತು. ಪದೇ ಪದೇ ಫ್ಯೂಸು ಹೋದರೆ ಕಾರಣ ಹುಡುಕುವ ಬದಲು ದಪ್ಪ ತಂತಿ ಕಟ್ಟಿ, “ಇನ್ನು ಹೋಗಲ್ಲ ಬಿಡಿ” ಎನ್ನುವುದು. ಅದು ಹೋಗುವುದಿಲ್ಲ ನಿಜ, ಹೋಗುವುದು ಮನೆ. ತಂತಿಯ ದಪ್ಪಕ್ಕೂ ಅದನ್ನು ಕರಗಿಸುವ ವಿದ್ಯುತ್ತಿಗೂ ಇರುವ ಲೆಕ್ಕವನ್ನು ಬ್ರಿಟನ್ನಿನ ಪ್ರೀಸ್ ೧೮೮೪ರಲ್ಲೇ ಕೊಟ್ಟಿದ್ದಾನೆ. ಆ ಲೆಕ್ಕದಂತೆ, ವ್ಯಾಸ ಎರಡರಷ್ಟಾದರೆ ಕರಗಿಸಲು ಬೇಕಾದ ವಿದ್ಯುತ್ತು ಸುಮಾರು ೨.೮ರಷ್ಟಾಗುತ್ತದೆ. ಕಣ್ಣಳತೆಯ ಕೆಲಸ ಎಷ್ಟು ಅಪಾಯಕರವೆಂಬುದಕ್ಕೆ ಇಷ್ಟು ಸಾಕು.

೧೯೩೦ರ ದಶಕದಲ್ಲಿ ಅಮೆರಿಕದಲ್ಲಿ ವಿದ್ಯುತ್ ಗಿಟಾರೂ ಅದರ ಆಂಪ್ಲಿಫಯರೂ ಬಳಕೆಗೆ ಬಂದವು. ಇಂಥ ಪೆಟ್ಟಿಗೆಗೆ ಬರಿಯ ಆಂಪಿಯರಿನ ಲೆಕ್ಕ ಸಾಲದು. ಗುಂಡಿ ಒತ್ತಿದ ಗಳಿಗೆಯಲ್ಲಿ ಟ್ರಾನ್ಸ್‌ಫಾರ್ಮರೂ ವಾಲ್ವುಗಳ ತಣ್ಣಗಿನ ತಂತುಗಳೂ ನಿತ್ಯದ ಅನೇಕ ಪಟ್ಟು ವಿದ್ಯುತ್ತನ್ನು ಒಮ್ಮೆಗೆ ಸೆಳೆಯುತ್ತವೆ. ಇದು ದೋಷವಲ್ಲ, ಯಂತ್ರದ ಸ್ವಭಾವ. ಆದ್ದರಿಂದ ಈ ಕ್ಷಣದ ನೂಕನ್ನು ಸಹಿಸಿ, ಬಹಳ ಹೊತ್ತಿನ ಅತಿಭಾರಕ್ಕೆ ಮಾತ್ರ ಕರಗುವ ನಿಧಾನದ ಫ್ಯೂಸು ಬೇಕಾಯಿತು. ತಂತಿಗೆ ತವರದ ಬೊಟ್ಟಿಟ್ಟರೆ ಈ ಗುಣ ಬರುವ ಬಗೆಯನ್ನು ೧೯೩೯ರಲ್ಲಿ ಮೆಟ್‌ಕಾಫ್ ವಿವರಿಸಿದ. ಇಂದು ಗಾಜಿನ ಫ್ಯೂಸಿನ ಲೋಹದ ಟೊಪ್ಪಿಯ ಮೇಲೆ ‘ಟಿ’ ಎಂದಿದ್ದರೆ ಅದು ನಿಧಾನದ್ದು, ‘ಎಫ್’ ಎಂದಿದ್ದರೆ ಅವಸರದ್ದು. ಉದ್ದದಲ್ಲಿಯೂ ೨೦ ಮಿಲಿಮೀಟರು, ೩೨ ಮಿಲಿಮೀಟರು ಎಂದು ಎರಡು ಬಗೆ ಸಾಮಾನ್ಯ.

ಇಷ್ಟು ತಿಳಿದ ಮೇಲೆ ನಮ್ಮ ಪೆಟ್ಟಿಗೆಯ ಬೆನ್ನನ್ನು ಓದಿದೆವು. ೧೨೦ ವೋಲ್ಟಿಗೆ ೨ ಆಂಪಿಯರು, ೨೩೦ ವೋಲ್ಟಿಗೆ ೧ ಆಂಪಿಯರು, ಎರಡಕ್ಕೂ ‘ಟಿ’ ಎಂದಿತ್ತು. ವೋಲ್ಟೇಜು ಹೆಚ್ಚಿದಂತೆ ಅದೇ ಕೆಲಸಕ್ಕೆ ಆಂಪಿಯರು ಕಡಿಮೆ ಸಾಕು. ಆದ್ದರಿಂದ ಅಲ್ಲಿಯ ಎರಡು ಇಲ್ಲಿ ಒಂದು. ಸ್ವಿಚ್ಚು ೨೩೦ರಲ್ಲೇ ಇತ್ತು. ಹೋದ ಫ್ಯೂಸಿನ ಟೊಪ್ಪಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ‘ಎಫ್ ೧’! ಯಾರೋ ಹಿಂದೆ ಸಂಖ್ಯೆಯನ್ನು ನೋಡಿ ಅಕ್ಷರವನ್ನು ಬಿಟ್ಟಿದ್ದರು.

ಅರಸೀಕೆರೆಯ ಅಂಗಡಿಯಲ್ಲಿ ‘ಎಫ್’ ಮಾತ್ರ ಇತ್ತು. “ಎರಡರದು ಹಾಕ್ಕೊಳ್ಳಿ ಸ್ವಾಮಿ, ತಡೆಯುತ್ತೆ” ಎಂದರು ಅಂಗಡಿಯವರು. ತಡೆಯುವುದು ಫ್ಯೂಸು, ನಾಳೆ ವಾಲ್ವೊಂದು ಕೆಟ್ಟು ಒಂದೂವರೆ ಆಂಪಿಯರು ಹರಿದರೆ ಟ್ರಾನ್ಸ್‌ಫಾರ್ಮರು ಕಾದು ಬೇಯುತ್ತದೆ. ಹುಡುಗ ಹಾಸನಕ್ಕೆ ಹೋಗಿ ಅದೇ ಉದ್ದದ, ೨೫೦ ವೋಲ್ಟಿನ, ‘ಟಿ ೧’ ಎಂದಿರುವುದನ್ನು ಮೂರು ತಂದ. ಪ್ಲಗ್ಗು ಕಿತ್ತು ಹೊಸದನ್ನು ಕೂರಿಸಿದೆವು.

“ಇದೂ ಹೋದರೆ, ದೊಡ್ಡಪ್ಪ?” ಎಂದು ಹುಡುಗ ಕೇಳಿದ.

“ಹೋದರೆ ಒಳಗೆ ಏನೋ ಕೆಟ್ಟಿದೆ ಎಂದರ್ಥ. ಆಗ ಇನ್ನೊಂದು ಫ್ಯೂಸು ಹಾಕಬೇಡ, ಪೆಟ್ಟಿಗೆಯನ್ನು ನೀನೇ ಬಿಚ್ಚಲೂ ಬೇಡ. ಪ್ಲಗ್ಗು ಕಿತ್ತರೂ ಒಳಗೆ ಕೊಲ್ಲುವಷ್ಟು ವಿದ್ಯುತ್ತು ಉಳಿದಿರಬಹುದು. ಬಲ್ಲವರಿಗೆ ತೋರಿಸು” ಎಂದೆ.

ಅದು ಹೋಗಲಿಲ್ಲ. ಅರೆ ನಿಮಿಷದಲ್ಲಿ ವಾಲ್ವುಗಳು ಕೆಂಪಗೆ ಮಿನುಗಿದವು. ಹುಡುಗ ತಂತಿ ಮೀಟಿದ. ಉಳಿದ ಎರಡು ಫ್ಯೂಸುಗಳನ್ನು ಕಾಗದದಲ್ಲಿ ಸುತ್ತಿ, ಮೇಲೆ ‘ಟಿ ೧’ ಎಂದು ದಪ್ಪಕ್ಷರದಲ್ಲಿ ಬರೆದು, ಪೆಟ್ಟಿಗೆಯ ಹಿಂಬದಿಗೇ ಅಂಟಿಸಿದ್ದಾನೆ.