ಗೋವೆಯ ಜನಮತಗಣನೆಯೂ ಕನ್ನಡದ ಗಡಿಯೂ
ನಮ್ಮ ನೆರೆಯ ಗೋವೆಯಲ್ಲಿ 1967ನೆಯ ಜನವರಿ 16ರಂದು ನಡೆದ ಜನಮತಗಣನೆಯು ವಿಚಾರಾರ್ಹವಾದುದು. ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೆನ್ನುವವರಿಗೆ ಹೂವು, ಕೇಂದ್ರಾಡಳಿತವೇ ಇರಲೆನ್ನುವವರಿಗೆ ಎರಡು ಎಲೆ. ಮೀಮಾಂಸಕರ ವಿಕಲ್ಪದಂತೆ ಇವೆರಡೇ ಪಕ್ಷಗಳು. ಪ್ರತ್ಯೇಕ ರಾಜ್ಯವಾಗಲಿ ಮೈಸೂರಾಗಲಿ ಪ್ರಶ್ನೆಯೊಳಗೆ ಬಂದಿರಲಿಲ್ಲ. ಎಲೆಗೆ 1,72,191, ಹೂವಿಗೆ 1,38,170 ಮತಗಳು ಬಿದ್ದುವು. ವಿಲೀನವಾದಿಯಾದ ಮಹಾರಾಷ್ಟ್ರವಾದಿ ಗೋಮಾಂತಕ ಪಕ್ಷವನ್ನು 1963ರಲ್ಲಿ ಗೆಲ್ಲಿಸಿದ್ದ ಪ್ರಜೆಗಳೇ ವಿಲೀನವನ್ನು ತಿರಸ್ಕರಿಸಿ, ಎರಡು ತಿಂಗಳ ತರುವಾಯ ಅದೇ ಪಕ್ಷವನ್ನು ಮತ್ತೆ ಅಧಿಕಾರಕ್ಕೆ ತಂದರು! ಆಳುವವರನ್ನು ಆರಿಸುವ ಬುದ್ಧಿಯೇ ಬೇರೆ, ನಾಡಿನ ಗತಿಯನ್ನು ನಿರ್ಣಯಿಸುವ ಬುದ್ಧಿಯೇ ಬೇರೆ ಎಂಬುದಕ್ಕೆ ಇದಕ್ಕಿಂತ ಪ್ರಬಲವಾದ ಪ್ರಮಾಣವು ಬೇಕಾಗದು. ಅದೇ ವರ್ಷ ಮಹಾಜನ ಆಯೋಗವು ಬೆಳಗಾವಿ ನಗರವು ಮೈಸೂರಿನಲ್ಲಿಯೇ ಉಳಿಯಲೆಂದೂ, ಚಂದ್ರಗಿರಿ ನದಿಯ ಉತ್ತರದ ಕಾಸರಗೋಡು ಪ್ರದೇಶವು ಮೈಸೂರಿಗೆ ಸೇರಲೆಂದೂ ವರದಿಯಿತ್ತಿತು. ಅಲ್ಲಿಯ ಜನರ ಮುಂದೆ ಹೂವನ್ನೂ ಎಲೆಯನ್ನೂ ಯಾರೂ ಇಡಲಿಲ್ಲ. ಕಾಸರಗೋಡು ಇಂದಿಗೂ ಕೇರಳದಲ್ಲಿದೆ.